ಸೋರಿಯಾಸಿಸ್‌ಗೆ ಚರ್ಮದ ಸ್ಕ್ಯಾನಿಂಗ್ ಯಾಕೆ?

ಅಮ್ಮನ ಮೊಣಕೈ ಮೇಲಿನ ಸೋರಿಯಾಸಿಸ್ ಮುಲಾಮು ಹಚ್ಚಿ ಕಡಿಮೆ ಆಗಿದೆ, ಆದರೂ ಚರ್ಮದ ಡಾಕ್ಟರು ಅಲ್ಟ್ರಾಸೌಂಡ್ ಮಾಡಿಸಿ ಅಂದಿದ್ದಾರೆ, ಕಣ್ಣಿಗೇ ಕಾಣುವ ಕಾಯಿಲೆಗೆ ಸ್ಕ್ಯಾನಿಂಗ್ ಯಾಕೆ ಅಂತ ಕೇಳಿದ್ದೀರಿ. ನಾನು ರೇಡಿಯಾಲಜಿಸ್ಟ್, ಚರ್ಮದ ಸ್ಕ್ಯಾನ್ ಕೂಡ ಮಾಡುತ್ತೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಕಾಯಿಲೆ ಯಾವುದು ಅಂತ ಕಂಡುಹಿಡಿಯೋಕೆ ಇದು ಬೇಕಿಲ್ಲ. ಚರ್ಮದ ಡಾಕ್ಟರು ನೋಡಿಯೇ ಹೇಳುತ್ತಾರೆ, ಅನುಮಾನ ಬಂದರೆ ಚರ್ಮದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಇದೆ. ಸ್ಕ್ಯಾನ್ ನಿಜವಾಗಿ ಉಪಯೋಗಕ್ಕೆ ಬರುವುದು ಬೇರೆ ಕಡೆ: ಮೇಲೆ ವಾಸಿಯಾದ ಹಾಗೆ ಕಾಣುವುದು ಒಳಗೂ ವಾಸಿಯಾಗಿದೆಯಾ ಅಂತ ನೋಡೋಕೆ.

ಹೊಟ್ಟೆ ಸ್ಕ್ಯಾನ್‌ಗೆ ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್ (ಸ್ಕ್ಯಾನ್‌ನ ಶಬ್ದದ ಅಲೆ ಎಷ್ಟು ಬೇಗ ಕಂಪಿಸುತ್ತದೆ ಅನ್ನುವ ಲೆಕ್ಕ) ಸಾಕು. ಚರ್ಮಕ್ಕೆ 20 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಮೆಗಾಹರ್ಟ್ಸ್ ಏರಿದಷ್ಟೂ ಚಿತ್ರ ಸ್ಪಷ್ಟ, ಆದರೆ ಆಳಕ್ಕೆ ಹೋಗುವುದಿಲ್ಲ. 50ರಲ್ಲಿ ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ ಕಾಣುತ್ತದೆ, ಸೋರಿಯಾಸಿಸ್‌ಗೆ ಅಷ್ಟು ಆಳ ಸಾಕು.

ಸ್ಕ್ರೀನ್ ಮೇಲೆ ಚರ್ಮದ ಮೇಲ್ಪದರ ಒಂದು ಬಿಳಿ ಗೆರೆ. ಆರೋಗ್ಯವಾಗಿರುವ ಚರ್ಮದಲ್ಲಿ ಅದು ತೆಳ್ಳಗೆ, ನೇರವಾಗಿರುತ್ತದೆ. ಸೋರಿಯಾಸಿಸ್ ಇದ್ದಲ್ಲಿ ದಪ್ಪಗಾಗಿ ಏರಿಳಿಯುತ್ತದೆ, ಅದರ ಕೆಳಗೇ ಒಂದು ಕಪ್ಪು ಪಟ್ಟಿ ಕಾಣುತ್ತದೆ. ನಾನು ಮೊದಲು ಹುಡುಕುವುದು ಆ ಪಟ್ಟಿಯನ್ನೇ. ಅಲ್ಲಿ ಊತ ಇದೆ, ರಕ್ತನಾಳಗಳು ಹಿಗ್ಗಿವೆ, ಉರಿಯೂತದ ಕಣಗಳು ಸೇರಿಕೊಂಡಿವೆ ಅಂತ ಅರ್ಥ. ಹೊಟ್ಟು ಕೆರೆದಾಗ ಸಣ್ಣ ಸಣ್ಣ ಚುಕ್ಕಿ ರಕ್ತ ಬರುತ್ತದಲ್ವಾ, ಅದು ಈ ಹಿಗ್ಗಿದ ನಾಳಗಳಿಂದಲೇ. ಡಾಪ್ಲರ್ ಹಾಕಿದರೆ ರಕ್ತ ಓಡುವುದು ಬಣ್ಣದಲ್ಲಿ ಕಾಣುತ್ತದೆ. ಔಷಧಿ ಕೆಲಸ ಮಾಡಿದರೆ ಬಿಳಿ ಗೆರೆ ತೆಳ್ಳಗಾಗುತ್ತದೆ, ಕಪ್ಪು ಪಟ್ಟಿ ಕರಗುತ್ತದೆ.

ಒಬ್ಬರು ಬಂದಿದ್ದರು, ಮೊಣಕೈಯಲ್ಲಿ ಒಂದು ಮಾಸಲು ಕಲೆ ಬಿಟ್ಟರೆ ಏನೂ ಇರಲಿಲ್ಲ, ಮುಟ್ಟಿದರೆ ನುಣುಪು, ಹಾಗಾಗಿ ಮುಲಾಮು ತಾವೇ ನಿಲ್ಲಿಸಿಬಿಟ್ಟಿದ್ದರು. ಪ್ರೋಬ್ (ಚರ್ಮದ ಮೇಲೆ ಇಡುವ ಸ್ಕ್ಯಾನ್ ಉಪಕರಣ) ಇಟ್ಟರೆ ಕಪ್ಪು ಪಟ್ಟಿ ಇನ್ನೂ ಹಾಗೇ ಇತ್ತು. ಸ್ಕ್ರೀನ್ ತಿರುಗಿಸಿ ಅವರಿಗೂ ತೋರಿಸಿದೆ, ಪಕ್ಕದ ಚೆನ್ನಾಗಿರುವ ಚರ್ಮವನ್ನೂ ತೋರಿಸಿದೆ. ಅವರು ಸುಮಾರು ಹೊತ್ತು ನೋಡುತ್ತಲೇ ಇದ್ದರು. ಔಷಧಿ ನಿಲ್ಲಿಸುವ ಮುಂಚೆ ಡಾಕ್ಟರನ್ನು ಕೇಳಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಆದರೆ ಆ ಪಟ್ಟಿ ಎಸ್ಜಿಮಾ ಅನ್ನುವ ತುರಿಕೆಯ ಚರ್ಮರೋಗದಲ್ಲೂ ಕಾಣುತ್ತದೆ, ಬಿಸಿಲಿಗೆ ಸವೆದ ವಯಸ್ಸಾದವರ ಚರ್ಮದಲ್ಲೂ ಕಾಣುತ್ತದೆ. ಅದಕ್ಕೇ ರಿಪೋರ್ಟ್ ಒಂದನ್ನೇ ಹಿಡಿದು ತೀರ್ಮಾನಕ್ಕೆ ಬರಬೇಡಿ, ಅದನ್ನು ಡಾಕ್ಟರಿಗೆ ತೋರಿಸಿ.

ಹೋಗುವ ಮುಂಚೆ ಫೋನ್ ಮಾಡಿ, ಚರ್ಮ ನೋಡುವ ಹೈ ಫ್ರೀಕ್ವೆನ್ಸಿ (ಜಾಸ್ತಿ ಮೆಗಾಹರ್ಟ್ಸ್) ಪ್ರೋಬ್ ಇದೆಯಾ ಅಂತ ಕೇಳಿ. ಎಲ್ಲ ಕಡೆ ಇರುವುದಿಲ್ಲ. ದಪ್ಪ ಹೊಟ್ಟು ಇದ್ದರೆ ಅದರ ನೆರಳು ಬಿದ್ದು ಕೆಳಗಿನದು ಕಾಣುವುದಿಲ್ಲ, ಹಾಗಂತ ಅಮ್ಮ ಅದನ್ನು ಕೆರೆದು ತೆಗೆಯುವುದು ಬೇಡ. ನೋವೇನೂ ಇಲ್ಲ, ಎಕ್ಸ್‌ರೇ ಥರ ಕಿರಣವೂ ಇಲ್ಲ. ಜೆಲ್ ಜಾಸ್ತಿ ಹಾಕಿ, ಒತ್ತದೆ ಮೆಲ್ಲಗೆ ಇಡುತ್ತೇವೆ, ಒತ್ತಿದರೆ ಸಣ್ಣ ನಾಳಗಳು ಮುಚ್ಚಿಕೊಂಡು ಡಾಪ್ಲರ್‌ನಲ್ಲಿ ಏನೂ ಕಾಣುವುದಿಲ್ಲ.

ಅಮ್ಮನಿಗೆ ಬೆರಳ ಗಂಟು ಅಥವಾ ಹಿಮ್ಮಡಿ ನೋವು, ಬೆಳಿಗ್ಗೆ ಎದ್ದಾಗ ಬಿಗಿತ ಇದೆಯಾ? ಇದ್ದರೆ ತಪ್ಪದೆ ಡಾಕ್ಟರಿಗೆ ಹೇಳಿ. ಸೋರಿಯಾಸಿಸ್ ಕೀಲಿಗೂ ಬರುತ್ತದೆ, ಅದನ್ನೂ ಅಲ್ಟ್ರಾಸೌಂಡ್‌ನಲ್ಲೇ ನೋಡಬಹುದು.