ಕೆಟಲ್ ಒಂದೇ ಇದೆ, ರಾತ್ರಿ ಏನು ತಿನ್ನಲಿ?

ಪ್ರಶ್ನೆ: ಬಾದಾಮಿ ಕಡೆಯ ಹಳ್ಳಿಯವನು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮಧ್ಯಾಹ್ನ ಮೆಸ್ಸಿನ ಊಟ. ಎರಡು ಹೊತ್ತಿಗೂ ಮೆಸ್ಸಿಗೆ ಕೊಡುವಷ್ಟು ದುಡ್ಡಿಲ್ಲ. ಗ್ಯಾಸ್, ಕರೆಂಟಿನ ಕಾಯಿಲ್ ಹೀಟರ್ ಎರಡಕ್ಕೂ ಮಾಲೀಕರು ಒಪ್ಪುವುದಿಲ್ಲ. ಇರುವುದು ಒಂದು ಕೆಟಲ್. ಮೂರು ತಿಂಗಳಿಂದ ರಾತ್ರಿ ಅದರಲ್ಲೇ ನೂಡಲ್ಸ್. ಈಗ ಅದರ ವಾಸನೆಗೇ ಹೊಟ್ಟೆ ತೊಳೆಸುತ್ತದೆ. ಬೇರೆ ದಾರಿ ಹೇಳಿ.

ಉತ್ತರ: ಮೊದಲು ಒಂದು ತಪ್ಪೊಪ್ಪಿಗೆ. ನಾನು 22 ವರ್ಷ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವಳು. ಎಷ್ಟು ಕಾಯಿಲ್ ಹೀಟರ್ ಜಪ್ತಿ ಮಾಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಪರೀಕ್ಷೆ ಹೊತ್ತಿನಲ್ಲಿ ಮೂರು ರೂಮಿನಲ್ಲಿ ಒಟ್ಟಿಗೇ ಕಾಯಿಲ್ ಹಾಕಿದರು. ಇಡೀ ಮಹಡಿ ಕತ್ತಲು. ಮರುದಿನ ಮೂವರನ್ನೂ ನಿಲ್ಲಿಸಿ ಚೆನ್ನಾಗಿ ಬೈದೆ. ಆಮೇಲೆ ರೂಮಿಗೆ ಬಂದು, ಜಪ್ತಿ ಮಾಡಿದ ಕಾಯಿಲ್‌ನಲ್ಲೇ ಚಹಾ ಕಾಯಿಸಿಕೊಂಡು ಕುಡಿದೆ! ಹಾಗಾಗಿ ನಿಮಗೆ ಬೈಯುವ ಯೋಗ್ಯತೆ ನನಗಿಲ್ಲ.

ಈಗ ನಿಮ್ಮ ಕೆಟಲ್ ವಿಷಯ. ಅದು ನೀರು ಕಾಯಿಸಲು ಮಾಡಿದ್ದು, ಅಡುಗೆಗಲ್ಲ. ನೀರು ಕುದಿದು ಹಬೆ ಒಳಗಿನ ಲೋಹದ ಪಟ್ಟಿಗೆ ತಾಗಿದ ಕೂಡಲೇ ಸ್ವಿಚ್ ಟಕ್ ಅಂತ ಬೀಳುತ್ತದೆ. ಹೀಗಾಗಿ ಅದರಲ್ಲಿ ಏನನ್ನೂ ಹೆಚ್ಚು ಹೊತ್ತು ಬೇಯಿಸಲು ಆಗುವುದಿಲ್ಲ. ಹಾಲು ಹಾಕಿದರೆ ತಳ ಹಿಡಿಯುತ್ತದೆ, ಉಕ್ಕಿ ಕೆಳಗಿನ ಕರೆಂಟ್ ಭಾಗಕ್ಕೆ ಇಳಿಯುತ್ತದೆ. ರಾಗಿ ಹಿಟ್ಟು ಹಾಕಿ ಗಂಜಿ ಮಾಡ ಹೋದರೂ ಅದೇ ಕತೆ. ಇನ್ನೊಂದು ಮಾತು. ಕೆಟಲ್ ಅಡಿಯಲ್ಲಿ 1500 ವ್ಯಾಟ್ ಎಂದು ಬರೆದಿದ್ದರೆ, ಮೊಬೈಲ್ ಚಾರ್ಜಿಗೆ ಹಾಕುವ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಆ 6 ಆಂಪಿಯರ್ ಸಾಕೆಟ್ 230 ವೋಲ್ಟಿಗೆ ತಡೆಯುವುದು 1380 ವ್ಯಾಟ್ ಮಾತ್ರ. ಇಸ್ತ್ರಿಪೆಟ್ಟಿಗೆ ಇದ್ದ ಬೋರ್ಡಿನಲ್ಲಂತೂ ಬೇಡವೇ ಬೇಡ.

ನೀವು ಬಾದಾಮಿ ಕಡೆಯವರು ಅಂದಿರಿ. ಹಾಗಾದರೆ ಒಲೆ ಇಲ್ಲದ ಊಟ ನಿಮ್ಮ ಮನೆಯಲ್ಲೇ ಇದೆಯಲ್ಲ! ಖಟಕ್ ರೊಟ್ಟಿ (ಒಣಗಿದ ಗರಿಗರಿ ಜೋಳದ ರೊಟ್ಟಿ), ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಮೇಲೆ ಹಸಿ ಸೊಪ್ಪು. ನಮ್ಮ ಹಾಸ್ಟೆಲ್ಲಿಗೆ ಹಳ್ಳಿ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಗಂಟು, ಗಂಟಿನ ಮೇಲೆ ಪೆನ್ನಿನಲ್ಲಿ ಹುಡುಗಿಯ ಹೆಸರು. ಬಿಚ್ಚಿದರೆ ನಡುವೆ ಗುರೆಳ್ಳು ಹಿಂಡಿಯ ಪೊಟ್ಟಣ. ಆ ವಾಸನೆಗೆ ಪಕ್ಕದ ರೂಮಿನವರೆಲ್ಲ ತಟ್ಟೆ ಹಿಡಿದು ಹಾಜರ್. ಅಂಥ ಊಟ ಇದ್ದವರಿಗೆ ನೂಡಲ್ಸ್ ಯಾಕೆ ಬೇಕು ಹೇಳಿ. ಖಟಕ್ ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಒಂದು ತಿಂಗಳು ಆರಾಮ. ಊರಿಗೆ ಹೋದಾಗ ಐವತ್ತು ರೊಟ್ಟಿ, ಅರ್ಧ ಕಿಲೋ ಹಿಂಡಿ ತನ್ನಿ. ತಿನ್ನುವಾಗ ಹಿಂಡಿಗೆ ಎರಡು ಚಮಚ ಮೊಸರು ಕಲಸಿ. ಜತೆಗೆ ಎಳೆ ಮೆಂತ್ಯ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ, ಯಾವುದು ಅಗ್ಗವೋ ಅದು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಹಾಗಾಗಿ ಹಿಂಡಿಯನ್ನು ಉಪ್ಪಿನಕಾಯಿಯ ಹಾಗೆ ಚಿಟಿಕೆ ಚಿಟಿಕೆ ಹಚ್ಚಿಕೊಳ್ಳಬೇಡಿ, ಧಾರಾಳವಾಗಿ ತಿನ್ನಿ.

ರೊಟ್ಟಿ ಬೇಜಾರಾದ ದಿನ ಹಚ್ಚಿದ ಅವಲಕ್ಕಿ. ತೆಳು ಅವಲಕ್ಕಿಗೆ ಉಳ್ಳಾಗಡ್ಡಿ, ಹಿಂಡಿ, ಒಂದು ಚಮಚ ಹಸಿ ಎಣ್ಣೆ, ನಿಂಬೆರಸ. ಕೈಯಲ್ಲಿ ತಿಕ್ಕಿ ಕಲಸಿ, ಐದು ನಿಮಿಷ ಬಿಡಿ. ಇದಕ್ಕೆ ಕೆಟಲ್ಲೂ ಬೇಡ. ಮೊಳಕೆ ಹೆಸರು ಕಾಳು ಸೇರಿಸಿದರೆ ಹೊಟ್ಟೆ ತುಂಬುತ್ತದೆ. ಕಾಳನ್ನು ಬೆಳಿಗ್ಗೆ ನೆನೆಹಾಕಿ, ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಮರುದಿನ ಸಂಜೆಗೆ ಬಾಲ ಬಂದಿರುತ್ತದೆ. ಹಸಿ ಮೊಳಕೆಯ ತೇವದಲ್ಲಿ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುವುದುಂಟು. ನಿಮ್ಮ ಕೆಟಲ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕುದಿ ನೀರು ಸುರಿದು ಐದು ನಿಮಿಷ ಮುಚ್ಚಿಟ್ಟು, ಬಸಿದು ತಿನ್ನಿ.

ಮೊಟ್ಟೆ ತಿನ್ನುವವರಾದರೆ ಇನ್ನೂ ಸಲೀಸು. ತೊಳೆದ ಮೊಟ್ಟೆ ಕೆಟಲ್ಲಿಗೆ ಇಳಿಸಿ, ಮುಳುಗುವಷ್ಟು ನೀರು ಹಾಕಿ ಕುದಿಸಿ. ಸ್ವಿಚ್ ಬಿದ್ದ ಮೇಲೆ ಮುಚ್ಚಳ ತೆಗೆಯದೆ ಹದಿನೈದು ನಿಮಿಷ ಬಿಡಿ, ಅಷ್ಟೇ. ಆ ನೀರಿನಲ್ಲಿ ಚಹಾ ಮಾತ್ರ ಮಾಡಬೇಡಿ. ಮಾಡಿದವರನ್ನು ನಾನು ನೋಡಿದ್ದೇನೆ.

ನೂಡಲ್ಸ್ ಪೂರ್ತಿ ಬಿಡಿ ಅನ್ನುವುದಿಲ್ಲ, ಮಳೆ ಬಂದ ರಾತ್ರಿ ನನಗೂ ಬೇಕು. ಮಸಾಲೆ ಪೊಟ್ಟಣ ಅರ್ಧ ಮಾತ್ರ ಹಾಕಿ, ಉಪ್ಪೆಲ್ಲ ಜಾಸ್ತಿ ಇರುವುದು ಅದರಲ್ಲೇ.

ಪ್ರಶ್ನೆ: ಬೆಂಗಳೂರಿನ ಪಿಜಿಯಲ್ಲಿರುವ ಹುಡುಗಿ, ಐಟಿ ಕೆಲಸ. ಒಂದು ಲೀಟರಿನ ರೈಸ್ ಕುಕ್ಕರ್ ಇಟ್ಟುಕೊಳ್ಳಲು ಒಪ್ಪಿಗೆ ಇದೆ. ಅನ್ನ ಬಿಟ್ಟು ಅದರಲ್ಲಿ ಏನು ಮಾಡಬಹುದು? ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಬಂದಿದೆ.

ಉತ್ತರ: ರೈಸ್ ಕುಕ್ಕರ್ ಇದ್ದರೆ ನೀವು ಶ್ರೀಮಂತರು ಬಿಡಿ. ಅದರ ತಳದಲ್ಲಿ ಒಂದು ಆಯಸ್ಕಾಂತ ಇದೆ. ನೀರು ಇರುವವರೆಗೆ ಪಾತ್ರೆಯ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ನೀರು ಇಂಗಿದ ಕೂಡಲೇ ಬಿಸಿ ಏರುತ್ತದೆ, ಆಯಸ್ಕಾಂತ ಹಿಡಿತ ಬಿಡುತ್ತದೆ, ಗುಂಡಿ ಮೇಲೆ ಬರುತ್ತದೆ. ಅಂದರೆ ನೀರು ಎಷ್ಟು ಹಾಕುತ್ತೀರೋ ಅಷ್ಟು ಹೊತ್ತು ಬೇಯುತ್ತದೆ. ಇದೊಂದು ತಿಳಿದರೆ ಏನು ಬೇಕಾದರೂ ಮಾಡಬಹುದು.

ನನ್ನ ಸಲಹೆ ಹೆಸರುಬೇಳೆ ಹುಗ್ಗಿ. ಕಾಲು ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ ತೊಳೆದು ಅರ್ಧ ಗಂಟೆ ನೆನೆಸಿ. ಎರಡು ಲೋಟ ನೀರು, ಅರಿಶಿನ, ಉಪ್ಪು, ಒಂದು ಚಮಚ ತುಪ್ಪ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಬೀನ್ಸ್. ಕೊನೆಗೆ ಒಂದು ಹಿಡಿ ಪಾಲಕ್. ಲೋಟ ಸಣ್ಣದಿರಲಿ. ಪಾತ್ರೆ ಅರ್ಧಕ್ಕಿಂತ ಮೇಲೆ ತುಂಬಿದರೆ ಬೇಳೆ ನೊರೆ ಮುಚ್ಚಳ ಎತ್ತಿ ಟೇಬಲ್ ತುಂಬ ಹರಿಯುತ್ತದೆ. ತೊಗರಿಬೇಳೆಯ ಆಸೆ ಬೇಡ, ಅದು ಪ್ರೆಶರ್ ಇಲ್ಲದೆ ಸುಲಭಕ್ಕೆ ಕರಗುವ ಜಾತಿಯಲ್ಲ.

ಒಂದು ಎಚ್ಚರಿಕೆ. ಬೆಳಿಗ್ಗೆ ಮಾಡಿದ ಅನ್ನ, ಹುಗ್ಗಿಯನ್ನು ರಾತ್ರಿವರೆಗೆ ಸುಮ್ನೆ ಮುಚ್ಚಿಡಬೇಡಿ. ಅನ್ನದಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ರೂಮಿನ ಸೆಕೆಗೆ ಅದು ಬೆಳೆದು ವಿಷ ಬಿಟ್ಟರೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆ ಹೊತ್ತಿಗೆ ಬೇಕಾದಷ್ಟೇ ಮಾಡಿ.

ಹಿಮೋಗ್ಲೋಬಿನ್ ವಿಷಯ ನನ್ನ ಅಡುಗೆಗೆ ಬಿಡಬೇಡಿ. ಹೆಂಗಸರಿಗೆ ಕನಿಷ್ಠ 12 ಇರಬೇಕು. ನಿಮ್ಮದು ಸಾಕಷ್ಟು ಕಡಿಮೆ, ಡಾಕ್ಟರಿಗೆ ತೋರಿಸಿ, ಅವರು ಕೊಟ್ಟ ಮಾತ್ರೆ ತಪ್ಪಿಸಬೇಡಿ. ಊಟದ ಕಡೆಯಿಂದ ಎರಡು ಕೆಲಸ. ಹುಗ್ಗಿಗೆ ನಿಂಬೆಹಣ್ಣು ಹಿಂಡಿ, ಸೊಪ್ಪು ಬೇಳೆಯಲ್ಲಿರುವ ಕಬ್ಬಿಣ ಮೈಗೆ ಹತ್ತಲು ನಿಂಬೆಯ ವಿಟಮಿನ್ ಸಿ ನೆರವಾಗುತ್ತದೆ. ಊಟದ ಜತೆಗೆ, ಊಟ ಆದ ಕೂಡಲೇ ಕಾಫಿ, ಟೀ ಬೇಡ. ಒಂದು ಗಂಟೆ ತಡೆಯಿರಿ. ಆಫೀಸಿನಲ್ಲಿ ಊಟ ಮುಗಿದದ್ದೇ ಟೀ ಮಷಿನ್ ಮುಂದೆ ನಿಲ್ಲುವ ಅಭ್ಯಾಸ ಇದೆ ಅಲ್ವಾ? ಅದೇ.

ಪ್ರಶ್ನೆ: ಮಗ ಶಿವಮೊಗ್ಗದಿಂದ ಮಂಗಳೂರಿನ ಹಾಸ್ಟೆಲ್ಲಿಗೆ ಹೊರಟಿದ್ದಾನೆ. ಬೆಳಿಗ್ಗೆ ತಿಂಡಿ ಬಿಟ್ಟು ಕಾಲೇಜಿಗೆ ಓಡುವ ಹುಡುಗ. ಏನು ಕಟ್ಟಿಕೊಡಲಿ?

ಉತ್ತರ: ರಾಗಿ ಹುರಿಹಿಟ್ಟು. ರಾಗಿ ಅರಳಿಸಿ ಬೀಸಿದ್ದು, ಬೇಯಿಸುವ ಗೋಜಿಲ್ಲ. ಹಾಲಿಗೋ ಮಜ್ಜಿಗೆಗೋ ಮೂರು ಚಮಚ ಹಾಕಿ, ಬೆಲ್ಲ ಇಲ್ಲವೇ ಉಪ್ಪು ಸೇರಿಸಿ ಕದಡಿದರೆ ಎರಡು ನಿಮಿಷದಲ್ಲಿ ತಿಂಡಿ. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಬೆಳೆಯುವ ಹುಡುಗನಿಗೆ ಬೇಕು. ಫ್ರಿಜ್ ಇಲ್ಲದಿದ್ದರೆ ಟೆಟ್ರಾ ಪ್ಯಾಕಿನ ಹಾಲು ಕೊಳ್ಳಲಿ. ಪ್ಯಾಕ್ ತೆರೆಯುವವರೆಗೆ, ಮೇಲೆ ಬರೆದ ತಾರೀಖಿನೊಳಗೆ, ಹೊರಗಿಟ್ಟರೂ ಕೆಡುವುದಿಲ್ಲ. ತೆರೆದ ಮೇಲೆ ಇಡಬಾರದು, ಸಣ್ಣ ಪ್ಯಾಕೇ ತರಲಿ.

ಮಂಗಳೂರಿನ ಮಳೆಗಾಲದಲ್ಲಿ ಅವಲಕ್ಕಿ, ಹುರಿಗಡಲೆ ಎರಡೇ ದಿನಕ್ಕೆ ಮೆತ್ತಗಾಗುತ್ತವೆ. ದೊಡ್ಡ ಡಬ್ಬಿ ಒಂದರ ಬದಲು ಬಿಗಿ ಮುಚ್ಚಳದ ಸಣ್ಣ ಡಬ್ಬಿ ನಾಲ್ಕು ಕೊಡಿ. ಒಂದು ಚಾಕು, ಅಂಗೈಯಗಲದ ಮಣೆ, ಒಂದು ಬಟ್ಟಲು, ಚಮಚ ಹಾಕಿ. ಎಲ್ಲರೂ ತಿಂಡಿ ಕಟ್ಟುತ್ತಾರೆ, ಇವನ್ನು ಮರೆಯುತ್ತಾರೆ. ಆಮೇಲೆ ಹುಡುಗರು ಸೌತೆಕಾಯಿಯನ್ನು ಸ್ಕೇಲಿನಲ್ಲಿ ಕೊಯ್ಯುತ್ತಾರೆ. ಡಬ್ಬಿಗಳ ಮೇಲೆ ಅವನ ಹೆಸರು ಬರೆಯಿರಿ. ಚಕ್ಕುಲಿ ಡಬ್ಬಿಗೆ ಬರೆಯುವ ಕಷ್ಟ ಬೇಡ, ಅದು ಮೊದಲ ರಾತ್ರಿಯೇ ಖಾಲಿ.