ತೆರೆಯಲ್ಲಿ ಬಂದ ಅಜ್ಜನ ಮಾತು ಸಾಕ್ಷಿಯಾ?
ಕೊಡಗಿನ ನಿಮ್ಮ ಐನ್‌ಮನೆಯ (ಕುಲದ ಮೂಲ ಮನೆ) ಕಾರಣರ ತೆರೆಯಲ್ಲಿ, ಅಂದರೆ ತೀರಿಹೋದ ಹಿರಿಯರು ಮೈಮೇಲೆ ಬಂದು ಮಾತಾಡುತ್ತಾರೆ ಅನ್ನುವ ಆಚರಣೆಯಲ್ಲಿ, ತೆರೆ ಕಟ್ಟಿದವರು (ವೇಷ ಧರಿಸಿ ಕುಣಿಯುವವರು) ನಿಮ್ಮ ಅಜ್ಜ ಮುಚ್ಚಿಟ್ಟಿದ್ದ ಸಾಲದ ವಿಷಯ ಹೇಳಿದರು, ಸತ್ತ ಮೇಲೂ ಬದುಕಿದೆ ಅನ್ನಲು ಇಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು ಅಂತಲೇ ನನಗನಿಸುತ್ತದೆ. (ಹಾಗಂತ ಹಿರಿಯರಿಗೆ ಮೀದಿ (ಎಡೆ) ಇಡುವುದನ್ನು ಬಿಡಬೇಡಿ, ಅದು ಬೇರೆ ಲೆಕ್ಕ.)

ಮೊದಲು ಸರಳ ಕಾರಣ ನೋಡಿ. ತೆರೆ ಕಟ್ಟುವವರು ಹತ್ತಿರದ ಊರಿನವರೇ ಆದರೆ ಒಕ್ಕದ (ಕುಲದ ಮನೆತನದ) ಗುಟ್ಟು ಅವರ ಕಿವಿಗೂ ಬಿದ್ದಿರಬಹುದು, ಅಲ್ವಾ? ಇಂಥ ವಿಷಯಗಳನ್ನೇ ಪರೀಕ್ಷಿಸಲು 1882ರಲ್ಲಿ ಲಂಡನ್ನಿನಲ್ಲಿ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಅನ್ನುವ ಸಂಘ ಶುರುವಾಯಿತು, ಕೇಂಬ್ರಿಡ್ಜಿನ ತತ್ವಶಾಸ್ತ್ರಜ್ಞ ಹೆನ್ರಿ ಸಿಡ್ಜ್‌ವಿಕ್ ಅದರ ಮೊದಲ ಅಧ್ಯಕ್ಷ. ಆ ಸಂಘದವರಿಗೂ ಇಂಥದ್ದೇ ತೊಡಕು: ಮಾತು ನಿಜವೇ ಆದರೂ ಅದು ಸತ್ತವರಿಂದಲೇ ಬಂತೋ, ಅಲ್ಲೇ ಕೂತಿದ್ದ ದೊಡ್ಡಪ್ಪನ ಮನಸ್ಸಿನಿಂದ ಟೆಲಿಪತಿಯಲ್ಲಿ (ಮಾತಿಲ್ಲದೆ ಮನಸ್ಸಿನಿಂದ ಮನಸ್ಸಿಗೆ) ಬಂತೋ, ಹೇಗೆ ಹೇಳುವುದು? ಅದಕ್ಕೇ ಕೇಳುತ್ತೇನೆ: ಬದುಕಿರುವ ಯಾರಿಗೂ ಗೊತ್ತಿಲ್ಲದ, ಆಮೇಲೆ ಕಾಗದಪತ್ರದಲ್ಲಿ ಸಿಕ್ಕಿದ ವಿಷಯ ಏನಾದರೂ ತೆರೆ ಕಟ್ಟಿದವರು ಹೇಳಿದರಾ?