ಅಮೆರಿಕದ ಹೋಟೆಲಿನಲ್ಲಿ ಸಸ್ಯಾಹಾರ ಕೇಳುವುದು ಹೇಗೆ?

ಪ್ರಶ್ನೆ: ಮಗಳನ್ನು ನೋಡಲು ಅಮೆರಿಕಕ್ಕೆ ಹೊರಟಿದ್ದೇವೆ. ನಾವು ಮೊಟ್ಟೆಯನ್ನೂ ಮುಟ್ಟದವರು. ಅವಳು ಜೊತೆಗಿಲ್ಲದಾಗ ಹೋಟೆಲಿನಲ್ಲಿ ನಾವೇ ಊಟ ಹೇಳಬೇಕಾದರೆ ಯಾವ ಇಂಗ್ಲಿಷ್ ಮಾತುಗಳು ಗೊತ್ತಿರಬೇಕು?
— ಓದುಗ ದಂಪತಿ, ದಾವಣಗೆರೆ

ಉತ್ತರ: 'ಐ ಆ್ಯಮ್ ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಸಾಲದು, ಅಲ್ಲಿ ಮೊಟ್ಟೆ ತಿನ್ನುವವರೂ ವೆಜಿಟೇರಿಯನ್ನರೇ. 'ವೀಗನ್' ಎಂದಿರೋ, ಹಾಲು ತುಪ್ಪಕ್ಕೂ ಕತ್ತರಿ. ಬೇಡದ್ದನ್ನು ಹೆಸರು ಹಿಡಿದೇ ಹೇಳಿಬಿಡಿ: 'ನೋ ಮೀಟ್, ನೋ ಫಿಶ್, ನೋ ಎಗ್ಸ್. ಡೈರಿ ಈಸ್ ಫೈನ್.'

ಎಡವುವುದು ಕಣ್ಣಿಗೆ ಬೀಳದ ಮಾಂಸದಲ್ಲಿ. ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರು ಹಾಕುವುದುಂಟು, ಅದೇ ಬ್ರಾತ್. ಮೆಕ್ಸಿಕನ್ ಹೋಟೆಲಿನಲ್ಲಿ ಅನ್ನವನ್ನೂ ಹಲವೆಡೆ ಅದರಲ್ಲೇ ಬೇಯಿಸುತ್ತಾರೆ. ಕಾಳು ಬೇಯಿಸಿ ಹಿಸುಕಿ ಮಾಡುವ ರಿಫ್ರೈಡ್ ಬೀನ್ಸ್‌ಗೆ ಲಾರ್ಡ್, ಅಂದರೆ ಹಂದಿಕೊಬ್ಬು, ಬೀಳುವುದು ಹಳೆಯ ರೂಢಿ. ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಚೋವಿ ಮೀನು, ಥಾಯ್ ಪಲ್ಯದಲ್ಲಿ ಫಿಶ್ ಸಾಸ್. 'ಈಸ್ ದಿಸ್ ಮೇಡ್ ವಿತ್ ಚಿಕನ್ ಬ್ರಾತ್?', 'ಎನಿ ಲಾರ್ಡ್ ಇನ್ ದ ಬೀನ್ಸ್?' ಎಂದು ಕೇಳಲು ಸಂಕೋಚ ಬೇಡ. ಆಲೂ ಫ್ರೈಸ್ ಕೂಡ ಸುಲಭಕ್ಕೆ ನಂಬುವಂಥದ್ದಲ್ಲ. ಮೆಕ್‌ಡೊನಾಲ್ಡ್ಸ್ ಅಮೆರಿಕದಲ್ಲಿ ತನ್ನ ಫ್ರೈಸ್‌ಗೆ ಬೀಫ್ ಫ್ಲೇವರ್ ಬಳಸುತ್ತದೆ. ಈ ಬಗ್ಗೆ ಹಿಂದೂಗಳು, ಸಸ್ಯಾಹಾರಿಗಳು ಹೂಡಿದ ದಾವೆಯಲ್ಲಿ 2002ರಲ್ಲಿ 1 ಕೋಟಿ ಡಾಲರಿಗೆ ರಾಜಿಯಾಯಿತು.

ಮೆನುವಿನಲ್ಲಿ ಆಪಟೈಸರ್ ಎಂದಿರುವುದೇ ನಮ್ಮ ಸ್ಟಾರ್ಟರ್. ಆಂಟ್ರೇ ಅಂದರೆ ಮುಖ್ಯ ಊಟ. ಕ್ಯಾಪ್ಸಿಕಮ್ ಅಲ್ಲಿ ಬೆಲ್ ಪೆಪರ್. ಅದೇ ಗುಂಗಿನಲ್ಲಿ ಪೆಪರೋನಿ ಪಿಜ್ಜಾ ಹೇಳಿಬಿಟ್ಟೀರಿ, ಅದು ಮಾಂಸದ ಸಾಸೇಜ್. ಬದನೆಕಾಯಿಗೆ ಎಗ್‌ಪ್ಲಾಂಟ್ ಎನ್ನುತ್ತಾರೆ. ಹೆಸರಿಗೆ ಹೆದರಬೇಕಿಲ್ಲ, ಆದರೆ ಎಗ್‌ಪ್ಲಾಂಟ್ ಪಾರ್ಮಜಾನ್‌ಗೆ ಸಾಮಾನ್ಯವಾಗಿ ಬದನೆ ಹೋಳನ್ನು ನಿಜವಾದ ಮೊಟ್ಟೆಯಲ್ಲೇ ಅದ್ದಿ ಕರಿಯುತ್ತಾರೆ!

ಸರ್ವರ್ ಗಡಿಬಿಡಿಯಲ್ಲಿ 'ಸೂಪ್ ಆರ್ ಸಲಾಡ್?' ಎಂದರೆ 'ಸೂಪರ್ ಸಲಾಡ್' ಎಂದೇ ಕೇಳಿಸುತ್ತದೆ. 'ಯೆಸ್' ಎನ್ನದೆ ಒಂದನ್ನು ಆರಿಸಿ. 'ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?' (ಸಾದಾ ನೀರೋ, ಸೋಡಾದಂಥ ಗ್ಯಾಸ್ ನೀರೋ) ಎಂದು ಕೇಳಿದರೆ ಸಾಮಾನ್ಯವಾಗಿ ಬಾಟಲಿ ನೀರಿನ ಮಾತು, ದುಡ್ಡು ಬೀಳುತ್ತದೆ. 'ಟ್ಯಾಪ್ ವಾಟರ್, ನೋ ಐಸ್' ಎಂದರೆ ಪುಕ್ಕಟೆ.

ಪ್ರಶ್ನೆ: ಬಿಲ್ಲು, ಟಿಪ್ಸು, ಪಾರ್ಸೆಲ್ಲು?
— ಅದೇ ದಂಪತಿ

ಉತ್ತರ: ಬಿಲ್ಲಿಗೆ 'ಚೆಕ್, ಪ್ಲೀಸ್'. ಪಾರ್ಸೆಲ್ ಎಂದರೆ ಅವರಿಗೆ ಕೊರಿಯರ್ ನೆನಪಾಗುತ್ತದೆ. ಉಳಿದದ್ದನ್ನು ಒಯ್ಯಲು 'ಕುಡ್ ಐ ಗೆಟ್ ಎ ಬಾಕ್ಸ್?' ಅನ್ನಿ. ಹೆಚ್ಚಿನ ಕಡೆ ಖಾಲಿ ಡಬ್ಬಿ ತಂದಿಡುತ್ತಾರೆ, ತುಂಬಿಕೊಳ್ಳುವವರು ನೀವೇ. ಟಿಪ್ಸ್ ತೆರಿಗೆಗೆ ಮುಂಚಿನ ಮೊತ್ತದ ಶೇ. 18ರಿಂದ 20: 40 ಡಾಲರಿಗೆ 7.20ರಿಂದ 8 ಡಾಲರ್. ಆರೆಂಟು ಜನ ಒಟ್ಟಿಗೆ ಹೋದಾಗ 'ಗ್ರಾಟ್ಯುಟಿ ಇನ್‌ಕ್ಲೂಡೆಡ್' ಎಂದು ಬಿಲ್ಲಿನಲ್ಲಿ ಟಿಪ್ಸನ್ನು ಮೊದಲೇ ಸೇರಿಸಿರುವುದುಂಟು (ಅಲ್ಲಿ ಗ್ರಾಟ್ಯುಟಿ ಎಂದರೆ ಟಿಪ್ಸೇ), ನೋಡದೆ ಎರಡು ಸಲ ತೆರಬೇಡಿ. ಕಾರ್ಡ್ ಉಜ್ಜಿ ಎರಡು ಚೀಟಿ ತಂದರೆ ಟಿಪ್, ಟೋಟಲ್ ಎರಡೂ ಗೆರೆ ತುಂಬಿ ಸಹಿ ಮಾಡಿ, ಮರ್ಚೆಂಟ್ ಕಾಪಿಯನ್ನು ಮೇಜಿನ ಮೇಲೆ ಬಿಟ್ಟು ಬನ್ನಿ. ಕಸ್ಟಮರ್ ಕಾಪಿ ನಿಮ್ಮದು.